ಮೆಣಸಿನಕಾಯಿ ರಾಶಿಯ ಬೆಳಕು

ಬ್ಯಾಡಗಿ,
ಭಾನುವಾರ

ಕಲ್ಲೇಶ ಅವರಿಗೆ,

ರಾಣೆಬೆನ್ನೂರಿನ ನಿಮ್ಮ ಕೋಣೆಯಲ್ಲಿ ನಾವಿಬ್ಬರೂ ಸೇರಿ ಮಾಡಿದ ವಿಡಿಯೊ ಗೇಮನ್ನು ನೀವು ವೇದಿಕೆಯ ಮೇಲೆ ತೋರಿಸಿದ್ದರ ವಿಡಿಯೊ ನೋಡಿದೆ. “ಮುಂದೆ ಬರುವ ಗೇಮ್ ಕನ್ಸೋಲಿನಲ್ಲಿ ರೇ ಟ್ರೇಸಿಂಗ್ ಹೀಗಿರುತ್ತದೆ. ಬೆಳಕಿನ ಒಂದೊಂದು ಕಿರಣವನ್ನೂ ಆಡುವಾಗಲೇ ಯಂತ್ರ ಲೆಕ್ಕ ಹಾಕುತ್ತದೆ. ಇದಕ್ಕೆ ಯಾರ ಕೈಯೂ ತಗುಲಿಲ್ಲ,” ಎಂದಿರಿ. ಜನ ಚಪ್ಪಾಳೆ ತಟ್ಟಿದರು.

ಆಟದ ಮೆಣಸಿನಕಾಯಿ ರಾಶಿಯ ಆ ಬೆಳಕನ್ನು ಎಂಟು ತಿಂಗಳು ಕೂತು ಕೈಯಾರೆ ಬಣ್ಣ ಬಳಿದು ಮೂಡಿಸಿದವಳು ನಾನು. ಮಾರ್ಕೆಟ್ ಯಾರ್ಡಿನಲ್ಲಿ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ, ರಾಶಿಯ ಕೆಂಪು ಅವಳ ಗದ್ದದ ಕೆಳಗೆ ಎಷ್ಟು ಬೀಳುತ್ತದೆಂದು ಪಕ್ಕದಲ್ಲೇ ಕುಳಿತು ನೋಡಿಕೊಂಡು ಮಾಡಿದ್ದು.

ವಿಡಿಯೊವನ್ನು ಅವ್ವನಿಗೂ ತೋರಿಸಿದೆ.

“ನಿನ್ನ ಹೆಸರು ಎಲ್ಲೈತಿ?” ಎಂದಳು.

“ಕೊನಿಗೆ ಬರತೈತಿ,” ಎಂದೆ.

ಕೊನೆಯವರೆಗೂ ನೋಡಿದಳು. ನನ್ನ ಹೆಸರು ಬರಲೇ ಇಲ್ಲ.

ಮೊನ್ನೆ ಹುಬ್ಬಳ್ಳಿಯ ಒಂದು ಕಂಪನಿಗೆ ಕೆಲಸ ಕೇಳಲು ಹೋಗಿ ಅದೇ ದೃಶ್ಯವನ್ನು ನನ್ನ ಕೆಲಸವೆಂದು ತೋರಿಸಿದೆ. “ಇದು ಯಂತ್ರ ಮಾಡಿದ್ದಲ್ಲೇನ್ರಿ? ಕಲ್ಲೇಶ ಅವರ ವಿಡಿಯೊದಾಗ ನೋಡೇವಿ,” ಎಂದು ನಕ್ಕು ಕಳಿಸಿದರು.

ಆ ಕನ್ಸೋಲ್ ಬರಲಿ, ನನಗಿಂತ ಚೆನ್ನಾಗಿಯೇ ಮಾಡಲಿ; ನನ್ನ ತಕರಾರಿಲ್ಲ. ಅದು ಬರುವ ಮೊದಲೇ ನನ್ನನ್ನು ತೆಗೆದುಹಾಕಿದವರು ನೀವು.

ಅದು ನನ್ನ ಕೈಕೆಲಸವೆಂದು ತೋರಿಸಬಲ್ಲ ಮೂಲ ಫೈಲುಗಳಿರುವ ಹಾರ್ಡ್ ಡಿಸ್ಕ್ ನಿಮ್ಮ ಬಳಿ ಇದೆ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. “ನಾನೇ ಬಂದು ಕೊಡುತ್ತೇನೆ” ಎನ್ನಬೇಡಿ. ನಿಮ್ಮನ್ನು ಕಂಡರೆ ಅವ್ವ ಈಗಲೂ “ಬಾ ತಮ್ಮಾ, ಊಟ ಮಾಡು” ಎಂದೇ ಕರೆಯುತ್ತಾಳೆ.

ರೋಹಿಣಿ