ಜೌಗಿನ ಕಪ್ಪೆಗಳೂ ನನ್ನ ಮೈಕ್ ಸೆಟ್ಟೂ

ಜೂನ್ 2

ಮೈಕ್ ಸೆಟ್ಟಿನ ಹಾರ್ನ್‌ಗಳನ್ನು ಒರೆಸಿ ಮುಗಿಯಿತು. ದೊಡ್ಡದರೊಳಗೆ ಜೇಡ ಮತ್ತೆ ಮನೆ ಕಟ್ಟಿಕೊಂಡಿತ್ತು. ಕಿತ್ತು ಹಾಕಿದೆ. ಯಾರನ್ನೂ ಕೇಳದೆ ಮನೆ ಕಟ್ಟುವವರು ಈಗ ಎಲ್ಲೆಲ್ಲೂ.

ಭಾನುವಾರಕ್ಕೆ ಮೈಕ್ ಸೆಟ್ ಬುಕ್ ಆಗಿದೆ. ಹಿತ್ತಲಾಚೆಯ ಜೌಗಿನ ಮೇಲೆ ಅಪಾರ್ಟ್‌ಮೆಂಟುಗಳ ಸಾಲನ್ನೇ ನಿಲ್ಲಿಸಲು ಹೊರಟಿದೆಯಲ್ಲ, ಆ ಕಂಪನಿಯೇ ಕರೆದಿರುವುದು. ದಡದಲ್ಲಿ ಮಾದರಿ ಮನೆ ಕಟ್ಟಿದ್ದಾರೆ, ಅದರ ಉದ್ಘಾಟನೆ. ಹೇಳಲು ಮ್ಯಾನೇಜರ್ ಬಂದಿದ್ದ. ಅವನು ಹೋಗಿ ಎಷ್ಟೋ ಹೊತ್ತಾದರೂ ಕೋಣೆ ತುಂಬ ಸೆಂಟಿನ ವಾಸನೆ. ಇನ್ನು ಮೇಲೆ ಅವನ ಹೆಸರು ಸೆಂಟು.

ಊಟಕ್ಕೆ ಕೂತಾಗ ಅಕ್ಕನ ಮಗಳು ಶುರು ಮಾಡಿದಳು.

"ಮಾಮ, ಅವರಿಗೆ ಮೈಕ್ ಕೊಡ್ತೀಯಾ ನೀನು?"

"ನಾನು ಕೊಡದಿದ್ರೆ ಪಕ್ಕದ ಬೀದಿಯವನು ಕೊಡ್ತಾನೆ. ಅವನ ಸೆಟ್ಟಲ್ಲಿ ಮಾತಾಡಿದ್ರೆ ಬೆಕ್ಕು ಸೀನಿದ ಹಾಗೆ ಕೇಳುತ್ತೆ."

"ಕೇಳಲಿ. ಅವರು ಹೇಳೋ ಸುಳ್ಳಿಗೆ ಅಷ್ಟು ಸಾಕು."

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಮನೆಯಲ್ಲೂ ಸೀಮೆಸುಣ್ಣ ಕೆಳಗಿಡುವುದಿಲ್ಲ. ಆದರೆ ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಅದು "ಒಣ ಬಂಜರು ನೆಲ" ಎಂದು ಕಂಪನಿ ಸರ್ಕಾರಕ್ಕೆ ಬರೆದುಕೊಟ್ಟಿದೆ. ಇಪ್ಪತ್ತೆರಡಕ್ಕೆ ಅಧಿಕಾರಿ ಬಂದು ಜನರ ಮಾತು ಕೇಳುತ್ತಾನೆ. ಅದು ಜೌಗು ಎಂದು ಅಂದು ತೋರಿಸದಿದ್ದರೆ ಅಪ್ಪಣೆ ಸಿಕ್ಕಿತು, ಮಣ್ಣು ಬಿತ್ತು. ಬೀದಿಯ ನೀರೆಲ್ಲ ಈಗ ಹರಿದು ಹೋಗಿ ಸೇರುವುದು ಅಲ್ಲಿಗೆ. ಅದು ಮುಚ್ಚಿದರೆ ಅಕ್ಕನ ಅಡುಗೆಮನೆಗೆ. ನಮ್ಮದೇ ಬೀದಿಯ ಕೊನೇ ಮನೆ, ಎಲ್ಲಕ್ಕಿಂತ ತಗ್ಗು.

ಒಣ ನೆಲವಂತೆ. ಬರೆದವನು ಚಪ್ಪಲಿ ಬಿಚ್ಚಿ ನಾಲ್ಕು ಹೆಜ್ಜೆ ಒಳಗೆ ಇಟ್ಟಿದ್ದರೆ ಸೊಂಟದವರೆಗೆ ಗೊತ್ತಾಗುತ್ತಿತ್ತು.

ಜೂನ್ 4

ಹೋರಾಟ ಸಮಿತಿಯ ಸಭೆ, ನಮ್ಮ ಹಾಲಿನಲ್ಲೇ. ನೋಡಿದರೆ ಅಳು ಬರಬೇಕು. ರಿಟೈರ್ಡ್ ಹೆಡ್‌ಮಾಸ್ಟರ್ ಅಧ್ಯಕ್ಷ. ಒಂದು ವಾಕ್ಯಕ್ಕೆ ಮೂರು ಕೆಮ್ಮು. ಕೆಮ್ಮು ಮೇಷ್ಟ್ರು ಎಂದೇ ಕರೆಯುತ್ತೇನೆ, ಅವರೆದುರಿಗಲ್ಲ. ಮನವಿಯಲ್ಲಿ "ಕೋರುತ್ತೇವೆ" ಇರಬೇಕೋ "ಆಗ್ರಹಿಸುತ್ತೇವೆ" ಇರಬೇಕೋ ಅಂತ ಸಂಜೆಯೆಲ್ಲ ಜಗಳ. ಇಂಥ ಸೈನ್ಯವನ್ನು ಕಂಡರೆ ಸೆಂಟು ಕುರ್ಚಿಯಿಂದ ಏಳುವುದೂ ಇಲ್ಲ.

"ನಮ್ಮ ಫೋಟೋ ತೋರಿಸಿದ್ರೆ ಮಳೆಗೆ ನಿಂತ ನೀರು ಅಂತಾರೆ," ಎಂದಳು ಅಕ್ಕನ ಮಗಳು. ಮೇಷ್ಟ್ರು ಕೆಮ್ಮಿದರು.

ಏಳನೇ ಕ್ಲಾಸು ಓದಿದ ಈ ತಲೆಯಲ್ಲಿ ಆಗಲೇ ಉಪಾಯ ಸಿದ್ಧ. ಹೇಳಲಿಲ್ಲ. ಸಮಿತಿಗೆ ಹೇಳಿದರೆ ಅದಕ್ಕೂ ಒಂದು ಉಪಸಮಿತಿ ಮಾಡುತ್ತಾರೆ.

ಜೂನ್ 7, ಸಂಜೆ

ಬರೆದಿಡಬೇಕು. ಆದದ್ದು ಆದ ಹಾಗೆ.

ಬೆಳಿಗ್ಗೆಯೇ ಉದ್ದ ವೈರು ಎಳೆದು, ಮೈಕಿಗೆ ಹಳೇ ಕಾಲುಚೀಲ ತೊಡಿಸಿ, ಕೋಲಿಗೆ ಕಟ್ಟಿ ಜೊಂಡಿನ ನಡುವೆ ನೆಟ್ಟು ಬಂದೆ. ಮಧ್ಯಾಹ್ನ ಒಳ್ಳೆ ಮಳೆ. ಲೆಕ್ಕ ಹಾಕಿದ್ದೆ, ಮಳೆ ಬಿಟ್ಟ ಮೇಲೆ ಕಪ್ಪೆಗಳು ಸುಮ್ಮನಿರುವುದುಂಟೇ. ಮನೆ ಕೊಳ್ಳಲು ಬಂದವರು ಬಿಳಿ ಕುರ್ಚಿಗಳಲ್ಲಿ, ಕೈಯಲ್ಲಿ ಜ್ಯೂಸು. ಸೆಂಟು ಭಾಷಣ ಬಿಗಿಯುತ್ತಿದ್ದ — ಪ್ರಶಾಂತತೆ, ನೆಮ್ಮದಿ, ಇನ್ನೂ ಏನೇನೋ. "ಪ್ರಶಾಂತ" ಎಂದ ಕೂಡಲೇ ಅವನ ಮೈಕ್ ಇಳಿಸಿದೆ, ಜೌಗಿನದು ಏರಿಸಿದೆ, ರೆಕಾರ್ಡಿಂಗೂ ಒತ್ತಿದೆ.

ನಾಲ್ಕು ಹಾರ್ನುಗಳಲ್ಲಿ ಸಾವಿರ ಕಪ್ಪೆ. ವಟರ್ ವಟರ್ ವಟರ್. ಕುರ್ಚಿಗಳು ನಡುಗಿದವು. ಈಗ ಏಳುತ್ತಾರೆ, ಈಗ ಓಡುತ್ತಾರೆ ಎಂದು ಆಂಪ್ಲಿಫೈಯರ್ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಒಬ್ಬರೂ ಏಳಲಿಲ್ಲ. ಮುಂದಿನ ಸಾಲಿನ ಹೆಂಗಸು ಕಣ್ಣು ಮುಚ್ಚಿಕೊಂಡಳು.

"ಅಯ್ಯೋ, ಎಷ್ಟು ಚೆನ್ನಾಗಿದೆ ಅಲ್ವಾ," ಎಂದಳು ಗಂಡನಿಗೆ. "ನಮ್ಮ ಈಗಿನ ಮನೇಲಿ ಬರೀ ಗಾಡಿಗಳ ಹಾರ್ನ್ ಸದ್ದು."

ಗಂಡ ತಲೆಯಾಡಿಸಿದ. ಹಿಂದಿನವರು ಚಪ್ಪಾಳೆ ತಟ್ಟಿದರು. ಸೆಂಟು ಹರಳೆಣ್ಣೆ ಕುಡಿದವನ ಹಾಗೆ ನಿಂತಿದ್ದವನು ಥಟ್ಟನೆ ಹಲ್ಲು ಬಿಟ್ಟು, "ಇದೇ ನೋಡಿ ನಾವು ನಿಮಗಾಗಿ ಇಟ್ಟಿದ್ದ ಸರ್‌ಪ್ರೈಸ್" ಎಂದುಬಿಟ್ಟ.

ಮನುಷ್ಯ ಜಾತಿಯ ಮೇಲೇ ನಂಬಿಕೆ ಹೋಯಿತು.

ಜೂನ್ 8

ಸೆಂಟು ಕಾರಿನಲ್ಲಿ ಬಂದ. ಗೇಟಿನಿಂದಲೇ "ಸಾರ್" ಎಂದ. ನನ್ನನ್ನು.

"ಸಾರ್, ಅಂಥಾ ಕ್ವಾಲಿಟಿ ನಾನು ಎಲ್ಲೂ ಕೇಳಿಲ್ಲ. ನೀವು ಸೌಂಡ್ ಎಂಜಿನಿಯರ್ ಸಾರ್. ಆ ರೆಕಾರ್ಡಿಂಗ್ ನಮಗೊಂದು ಕಾಪಿ ಬೇಕಿತ್ತು."

ಕಳ್ಳನೇ ಇರಬಹುದು, ಕಿವಿ ಮಾತ್ರ ಚೆನ್ನಾಗಿದೆ. ಈ ಮನೆಯಲ್ಲಿ ಇಷ್ಟು ವರ್ಷವಾಯಿತು, ಯಾರಾದರೂ ಎಂಜಿನಿಯರ್ ಅಂದಿದ್ದಾರೆಯೇ. ಅಕ್ಕ ಕರೆಯುವುದು "ಲೇ ಡಬ್ಬಾ" ಅಂತ.

ಪೆನ್ ಡ್ರೈವ್ ಕೊಟ್ಟೆ. ಕಪ್ಪೆಗಳ ಸದ್ದು ತಾನೇ. ಅದರಿಂದ ಅವನು ಏನು ಕಟ್ಟಿಯಾನು.

ಜೂನ್ 15

ಊಟದ ತಟ್ಟೆಯ ಪಕ್ಕ ಫೋನ್ ಇಟ್ಟಳು ಅಕ್ಕನ ಮಗಳು. ಕಂಪನಿಯ ಜಾಹೀರಾತು. ಹಸಿರು ಚಿತ್ರ, ಬಾಲ್ಕನಿ, ಕಾಫಿ ಹಿಡಿದ ಹುಡುಗಿ. ಹಿಂದೆ ನನ್ನ ಕಪ್ಪೆಗಳು. ಒಬ್ಬನ ಜೇನು ಸುರಿಯುವ ದನಿ — "ವರ್ಷವಿಡೀ ತುಂಬಿರುವ ಕೊಳ, ಕಪ್ಪೆಗಳ ಜೋಗುಳ. ನಿಮ್ಮ ಕಿಟಕಿಯಾಚೆಯೇ."

ಒಂದು ಮಾತೂ ಆಡಲಿಲ್ಲ ಅವಳು. ಫೋನ್ ತೆಗೆದುಕೊಂಡು ಎದ್ದು ಹೋದಳು.

"ಯಾರೋ ಸಾರ್ ಅಂದ್ರಂತೆ," ಎಂದಳು ಅಕ್ಕ ಪಾತ್ರೆ ಎತ್ತುತ್ತಾ, "ಮನೆ ಕೀಲೀನೂ ಕೊಟ್ಟುಬಿಡಬೇಕಿತ್ತು ಕಣೋ ಡಬ್ಬಾ."

ದನಿ ಎಲ್ಲೂ ಒಡೆದಿಲ್ಲ, ಅದೊಂದು ಹೇಳಬೇಕು. ಕಾಲುಚೀಲದ ಕೆಲಸ.

ಜೂನ್ 18

ಇನ್ನೂ ಮಾತಿಲ್ಲ. ನಾನು ಹಾಲಿಗೆ ಬಂದರೆ ಅವಳು ಅಡುಗೆಮನೆಗೆ. ಅಡುಗೆಮನೆಗೆ ಹೋದರೆ ಹಿತ್ತಲಿಗೆ. ಸಣ್ಣವಳಿದ್ದಾಗ ನನ್ನ ಮೈಕ್ ಹಿಡಿದು "ಹಲೋ ಹಲೋ, ಮಾಮ ಟೆಸ್ಟಿಂಗ್" ಎನ್ನುತ್ತಿದ್ದವಳು. ಇರಲಿ. ಇಂಥ ಪುಕ್ಕಲು ಸಮಿತಿಯಲ್ಲಿದ್ದರೆ ಎಂಥವರಿಗೂ ಸಿಡುಕು ಬರುತ್ತದೆ.

ಜೂನ್ 22

ಶಾಲೆಯ ಹಾಲ್. ಮೈಕ್ ನನ್ನದೇ, ಸರ್ಕಾರಕ್ಕೂ ಬೆಕ್ಕು ಸೀನುವುದು ಬೇಕಿಲ್ಲ.

ಕಂಪನಿಯ ಎಂಜಿನಿಯರ್ — ನಿಜವಾದವನು, ಕುತ್ತಿಗೆಗೆ ಕಾರ್ಡು ನೇತು ಹಾಕಿಕೊಂಡವನು — ಬೇಸಿಗೆಯ ಫೋಟೋಗಳನ್ನು ತೋರಿಸಿದ. ಬಿರುಕು ಬಿಟ್ಟ ನೆಲ. ಎಲ್ಲಿಯದೋ ದೇವರೇ ಬಲ್ಲ. ಕೆಮ್ಮು ಮೇಷ್ಟ್ರು ಎದ್ದರು, "ಕೋರುತ್ತೇವೆ" ತನಕ ಬಂದು ಕೆಮ್ಮಿನಲ್ಲಿ ಮುಳುಗಿದರು.

ಆಮೇಲೆ ಅವಳು. ಕಾಗದವಿಲ್ಲ, ಭಾಷಣವಿಲ್ಲ. ಫೋನನ್ನು ಮೈಕಿಗೆ ಹಿಡಿದಳು. ಜಾಹೀರಾತು, ಪೂರ್ತಿ. ವರ್ಷವಿಡೀ ತುಂಬಿರುವ ಕೊಳ.

"ಇದು ಅವರದೇ ಮಾತು ಸಾರ್," ಎಂದಳು ಅಧಿಕಾರಿಗೆ. "ನಿಮಗೆ ಒಣ ನೆಲ ಅಂತ ಬರೆದುಕೊಟ್ಟೋರೂ ಅವರೇ. ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ಅವರೇ ಹೇಳ್ಲಿ."

ಅಧಿಕಾರಿ ಕನ್ನಡಕ ತೆಗೆದು ಸೆಂಟಿನ ಕಡೆ ನೋಡಿದ. ಸೆಂಟು ಕರ್ಚೀಫು ತೆಗೆದ.

"ಅದು... ಸ್ಟುಡಿಯೋ ಎಫೆಕ್ಟ್ ಸಾರ್. ಜಾಹೀರಾತು ಅಂದ ಮೇಲೆ... ಆ ಜಾಗದ್ದಲ್ಲ."

ಸ್ಟುಡಿಯೋ. ನನ್ನ ರೆಕಾರ್ಡಿಂಗ್ ಸ್ಟುಡಿಯೋದ್ದಂತೆ. ಆಂಪ್ಲಿ ಪಕ್ಕದ ಮೈಕ್ ಯಾವಾಗ ಕೈಗೆ ಬಂತೋ ಗೊತ್ತಿಲ್ಲ.

"ನನ್ನದು ಅದು. ಈ ಕೈಯಾರೆ ಜೊಂಡಿನಲ್ಲಿ ಮೈಕ್ ನೆಟ್ಟು ಹಿಡಿದದ್ದು. ಸಾರ್ ಸಾರ್ ಅಂತ ಇಸ್ಕೊಂಡು ಹೋದೋನು ಇವನೇ."

"ಇವರು ಆ ಟೀಚರ್ ಮನೆಯವರೇ ಸಾರ್," ಎಂದ ಸೆಂಟು, ಮೆಲ್ಲಗೆ. "ಇವರು ಹೇಳೋದನ್ನ..."

ಅಧಿಕಾರಿ ಕೈ ಎತ್ತಿದ. "ಸಾಕು. ಬುಧವಾರ ಸಂಜೆ ನಾನೇ ಬರ್ತೀನಿ. ಅಲ್ಲೇ ನಿಂತು ಕೇಳ್ತೀನಿ. ಕಪ್ಪೆ ಇದೆಯೋ ಇಲ್ಲವೋ ಗೊತ್ತಾಗುತ್ತೆ."

ಜಾಹೀರಾತು ಆಗಲೆಂದೇ ಪೆನ್ ಡ್ರೈವ್ ಕೊಟ್ಟಿದ್ದು ಎಂದು ದಾರಿಯುದ್ದಕ್ಕೂ ಅಕ್ಕನಿಗೆ ಹೇಳಿದೆ. ಎಲ್ಲ ನನ್ನ ಮುಂದಾಲೋಚನೆ. ಅಕ್ಕ ನಕ್ಕಳು. ನಂಬಿದ ನಗು ಅಲ್ಲ.

ಜೂನ್ 23

ಬೆಳಗಾಗುವಾಗಲೇ ಜೌಗಿನಲ್ಲಿ ಪಂಪುಗಳು. ದಪ್ಪ ಪೈಪು ಹಾಕಿ ನೀರೆಳೆಯುತ್ತಿದ್ದಾರೆ. ಕೇಳಿದರೆ, "ಸಾಹೇಬ್ರು ಬರ್ತಾರಲ್ಲ, ಕ್ಲೀನಿಂಗು." ಮಳೆಯೂ ಕೈಕೊಟ್ಟಿದೆ. ಸಂಜೆ ಹೋಗಿ ಕಿವಿಗೊಟ್ಟೆ. ಒಂದು ಸೊಲ್ಲಿಲ್ಲ. ಇವರ ಬುದ್ಧಿ ಎಷ್ಟು ಅಗ್ಗ ನೋಡು.

ನನ್ನದು ಅದಕ್ಕಿಂತ ಅಗ್ಗವಲ್ಲ. ಒಂದು ಸ್ಪೀಕರ್ ಬಾಕ್ಸ್, ಬ್ಯಾಟರಿ, ಕಪ್ಪೆಗಳು ತುಂಬಿದ ಪೆನ್ ಡ್ರೈವಿನ ಇನ್ನೊಂದು ಕಾಪಿ. ಜೊಂಡಿನಲ್ಲಿ ಬಚ್ಚಿಟ್ಟರೆ ಯಾವ ಅಧಿಕಾರಿಯ ಅಪ್ಪನಿಗೂ ತಿಳಿಯುವುದಿಲ್ಲ.

ಬಾಕ್ಸ್ ಒರೆಸುತ್ತಿದ್ದೆ. ಬಾಗಿಲಲ್ಲಿ ಅವಳು. ಎಂಟು ದಿನದ ಮೇಲೆ ಮೊದಲ ಮಾತು.

"ಮಾಮ, ನಾಳೆ ನಿನ್ನ ಡಬ್ಬ ಒಂದೂ ಅಲ್ಲಿಗೆ ಬರಬಾರದು."

"ಇಲ್ಲದಿದ್ರೆ ಸೋಲ್ತೀಯ."

"ಸೋತ್ರೆ ಸೋಲ್ತೀನಿ. ಅವರ ಹಾಗೆ ಸುಳ್ಳು ಹೇಳಿ ಗೆದ್ರೆ, ಆಮೇಲೆ ನಾನು ನಿಜ ಹೇಳಿದಾಗಲೂ ಯಾರೂ ನಂಬಲ್ಲ. ಕೂಗಿದ್ರೆ ಕಪ್ಪೇನೇ ಕೂಗ್ಲಿ."

ಮಕ್ಕಳಿಗೆ ಪಾಠ ಹೇಳಿ ಹೇಳಿ ಕೆಟ್ಟಿದ್ದಾಳೆ. ತಲೆಯಾಡಿಸಿದೆ. ತಲೆಯಾಡಿಸಲು ಏನು ಖರ್ಚು.

ಜೂನ್ 24, ಸಂಜೆ

ಜೊಂಡಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಪೆನ್ಸಿಲು. ಪ್ಯಾಂಟು ಮೊಣಕಾಲಿನ ತನಕ ಕೆಸರು. ಬಾಕ್ಸ್ ಪಕ್ಕದಲ್ಲಿ, ಸ್ವಿಚ್ಚು ಹೆಬ್ಬೆರಳ ಕೆಳಗೆ. ಒಣ ನೆಲ ಎಂದವನು ಬಂದು ಇಲ್ಲಿ ಕೂರಲಿ.

ಬಂದರು. ಅಧಿಕಾರಿ ದಡದಲ್ಲಿ ನಿಂತಿದ್ದಾನೆ. ಪಂಪು ನಿಲ್ಲಿಸಿ ಎಂದ. ನಿಲ್ಲಿಸಿದರು. ಮೇಷ್ಟ್ರು ಕೆಮ್ಮನ್ನು ಕರ್ಚೀಫಿನಲ್ಲಿ ಹಿಸುಕುತ್ತಿದ್ದಾರೆ, ಪಾಪ, ಮುಖ ಕೆಂಪು.

ಸದ್ದಿಲ್ಲ. ಗಾಳಿ. ಜೊಂಡು.

ಅಧಿಕಾರಿ ವಾಚು ನೋಡಿದ. ಸೆಂಟು ನಗುತ್ತಿದ್ದಾನೆ, ಅದೇ ಸಾರ್ ಎಂದಾಗಿನ ನಗು. ಈಗ ಒತ್ತಿದರೆ ಆ ನಗು ಎಲ್ಲಿರುತ್ತದೆ. ಒಂದೇ ಒತ್ತು.

ಅವಳು ಇತ್ತ ಕಡೆ ನೋಡುತ್ತಿದ್ದಾಳೆ. ನೇರ ನನ್ನನ್ನೇ. ಜೊಂಡು ಅಡ್ಡವಿದ್ದರೂ. ತಲೆ ಅಲ್ಲಾಡಿಸಲಿಲ್ಲ, ಕಣ್ಣು ಕೆಕ್ಕರಿಸಲಿಲ್ಲ. ಸುಮ್ಮನೆ ನೋಡುತ್ತಿದ್ದಾಳೆ.

ಬ್ಯಾಟರಿಯ ವೈರು ಕಿತ್ತೆ.

ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಅಧಿಕಾರಿ ಇನ್ನೂ ನಿಂತಿದ್ದಾನೆ. ಸೆಂಟು ಕಾರಿನ ಬಾಗಿಲು ತೆರೆದು ಹಿಡಿದಿದ್ದಾನೆ. ಈ ಕಿವಿಯಂಥ ಕಿವಿ ಈ ಕಡೆ ಎಲ್ಲೂ ಇಲ್ಲ, ಬರೆದಿಟ್ಟಿರುತ್ತೇನೆ. ಪೈಪಿನ ಬುಡದಲ್ಲಿ, ಎಡಕ್ಕೆ, ಇನ್ನೂ ಒಂದಿಷ್ಟು ನೀರಿದೆ, ಅಲ್ಲಿ ಏನೋ ವಟರ್ ಅಂದ ಹಾಗೆ...