ಲಗತ್ತು: ಒಂದು ಹಾಲುಹಲ್ಲು

ಸೆರೋವೆ, ಬೋಟ್ಸ್ವಾನಾ

ಜೀವನಾಂಶ ವಿಭಾಗದ ಅಧಿಕಾರಿಗಳಿಗೆ,

ನನ್ನ ಮಗಳು ಮಸೆಗೊಗೆ ಎಂಟು ವರ್ಷ. ನಿಮ್ಮ ಕಡತದಲ್ಲಿ ಹದಿನೆಂಟು ಎಂದು ಬರೆದುಕೊಂಡು, ಅವಳಪ್ಪ ಕೊಡಬೇಕಾದ ಹಣವನ್ನು ನಿಲ್ಲಿಸಿಬಿಟ್ಟಿದ್ದೀರಿ. ಜನನಪತ್ರವನ್ನು ಮೂರು ಸಲ ತಂದುಕೊಟ್ಟೆ; ಮೂರು ಸಲವೂ ಕಳೆದುಹಾಕಿದಿರಿ.

“ಕಂಪ್ಯೂಟರ್ ಸುಳ್ಳು ಹೇಳುತ್ತೇನಮ್ಮಾ?” ಎಂದರು ನಿಮ್ಮ ಗುಮಾಸ್ತರು.

“ಹಾಗಾದ್ರೆ ಅವಳಿಗೊಂದು ಕೆಲಸ ಕೊಡಿ ಸ್ವಾಮಿ, ನಿಮ್ಮ ಕುರ್ಚೀಲೇ ಕೂತ್ಕೊಳ್ಳಲಿ” ಎಂದು ಹೇಳಿ ಬಂದೆ.

ನಿನ್ನೆ ಅವಳ ಹಾಲುಹಲ್ಲು ಬಿತ್ತು. ಅದನ್ನು ಸೂರಿನ ಮೇಲೆ ಎಸೆದು ಚಂದ್ರನ ಹತ್ತಿರ ಹೊಸದು ಕೇಳಬೇಕಿತ್ತು. ಎಸೆಯಲು ಬಿಡದೆ ಇದರ ಜೊತೆ ಇಟ್ಟಿದ್ದೇನೆ. ನೋಡಿ, ವಯಸ್ಸು ತಿದ್ದಿ, ಬಾಕಿಯನ್ನೆಲ್ಲ ಅವಳಪ್ಪನಿಂದ ವಸೂಲಿ ಮಾಡಿ.

ಹಲ್ಲು ಕೇಳಲು ಸೋಮವಾರ ಅವಳೇ ಬರುತ್ತಾಳೆ. ಅದನ್ನೂ ಕಳೆದಿದ್ದರೆ, ಅವಳ ಮುಖ ನೋಡಿಕೊಂಡೇ ಹೇಳಿ.

ಇಂತಿ,
ಎಂಟು ವರ್ಷದವಳ ತಾಯಿ,
ಕೆಫಿಲ್ವೆ ಸೆಬೀನಾ