ಏಪ್ರನ್ ಜೇಬಿನ ಹಾಡುಪೆಟ್ಟಿಗೆ

ಮನೆಯ ಮುಂದಿನ ಕೋಣೆ, ಹೊಲಿಗೆ ಯಂತ್ರದ ಎಡಗಡೆ
ಹದಿನೇಳನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಮಹಾರಾಯ್ತಿಗೆ,

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಆಮೇಲೆ ಮಣಿಕಟ್ಟಿನ ಸುಟ್ಟಗಾಯ. ಹೋದ ಪತ್ರದಲ್ಲಿ ನೀನು ಗಾಯ ಒಣಗುತ್ತಾ ಇದೆ ಅಂತ ಬರೆದಿದ್ದೆ, ಅದರ ಹಿಂದಿನ ಪತ್ರದಲ್ಲೂ ಅದೇ ಮಾತು. ಒಂದು ಗಾಯ ತಿಂಗಳುಗಟ್ಟಲೆ ಒಣಗುತ್ತಲೇ ಇದೆ ಅಂದರೆ ಅದಕ್ಕೆ ಒಣಗುವ ಮನಸ್ಸಿಲ್ಲ ಅಂತ ಅರ್ಥ, ಅಥವಾ ನೀನು ಮುಲಾಮು ಹಚ್ಚುತ್ತಿಲ್ಲ ಅಂತ. ನಾನು ಮೂರು ಪದರ ಬಟ್ಟೆ ಕೊಟ್ಟು ಹೊಲಿದ ಕೈಗವಸು ಅಲ್ಲಿ ಮೊಳೆಗೆ ನೇತುಬಿದ್ದು ಅಡುಗೆಮನೆಯ ಶೋಭೆ ಹೆಚ್ಚಿಸುತ್ತಿರಬೇಕು. ಅದನ್ನು ಕೈಗೆ ಹಾಕಿಕೊಂಡರೂ ಪರವಾಗಿಲ್ಲ, ಹೊಲಿದವನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ನಿನ್ನ ಪತ್ರದ ವಿಚಾರ. ಅದರಲ್ಲಿ ಎರಡು ಆಜ್ಞೆಗಳಿದ್ದವು. ಒಂದು, ಪಾತ್ರೆ ತೊಳೆಯುವ ಎರಡು ಗಂಟೆ ಕಿವಿ ಖಾಲಿ ಹೊಡೆಯುತ್ತದೆ, ಏಪ್ರನ್ ಜೇಬಿನಲ್ಲಿ ಹಿಡಿಸುವಂಥ ಪುಟಾಣಿ ಹಾಡಿನ ಪ್ಲೇಯರ್ ಒಂದನ್ನು ಕಳಿಸಿ ಅಂತ. ಎರಡು, ವಿಜ್ಞಾನ ಕೇಂದ್ರದವರು ಅಲ್ಲಿನ ಅಡುಗೆ ಕೆಲಸ ಇನ್ನೂ ಎರಡು ವರ್ಷ ಮುಂದುವರಿಸಲು ಸಹಿ ಹಾಕಿ ಅಂತ ಕೇಳುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು, ಆದ್ದರಿಂದ "ಈ ಸಲ ತಮಾಷೆ ಬೇಡ ರೀ, ನೀವು ನಿಜವಾಗಿ ಹೇಗಿದ್ದೀರಿ ಅಂತ ಒಂದು ಸಾಲು ಬರೆಯಿರಿ. ನೀವು ಚೆನ್ನಾಗಿದ್ದರೆ ಸಹಿ ಹಾಕ್ತೀನಿ" ಅಂತ. ಭಾನುವಾರದ ಆ ತಂತಿ ಫೋನಿನಲ್ಲಿ ಇದನ್ನು ಕೇಳುವುದಾಗಲೀ ಹೇಳುವುದಾಗಲೀ ಆಗದ ಮಾತು ಅಂತ ನನಗೂ ಗೊತ್ತು. ಸಿಗುವುದೇ ಹತ್ತು ನಿಮಿಷ, ಅದರಲ್ಲೂ ನಿನ್ನ ಹಿಂದೆ ಮೂವರು ವಿಜ್ಞಾನಿಗಳು ಗಂಟಲು ಸರಿಮಾಡಿಕೊಳ್ಳುತ್ತಾ ನಿಂತಿರುತ್ತಾರೆ. ಆದ್ದರಿಂದ ಪತ್ರದಲ್ಲೇ ಉತ್ತರಿಸುತ್ತೇನೆ. ಆದರೆ ವರದಿ ಕ್ರಮಪ್ರಕಾರ ಹೋಗಬೇಕಲ್ಲ, ಮೊದಲು ಒಂದನೇ ಆಜ್ಞೆ.

ಪ್ಲೇಯರ್ ಆರಿಸುವುದಕ್ಕೆ ನಾನೊಬ್ಬನೇ ಹೋಗಬೇಕು ಅಂತಿದ್ದೆ. ಆದರೆ ನನ್ನ ತಂಗಿ, ಅಂದರೆ ನಿನ್ನ ನಾದಿನಿ, ವಿಷಯ ಹೇಗೋ ತಿಳಿದುಕೊಂಡು ಕೈಚೀಲದ ಸಮೇತ ಬಾಗಿಲಲ್ಲಿ ನಿಂತಿದ್ದಳು. ಅಣ್ಣನಿಗೆ ಬಟ್ಟೆ ಬಿಟ್ಟು ಬೇರೇನನ್ನೂ ಆರಿಸಲು ಬರುವುದಿಲ್ಲ, ಅತ್ತಿಗೆಯೊಬ್ಬಳೇ ಅದಕ್ಕೆ ಅಪವಾದ, ಅದೂ ದೊಡ್ಡವರು ಆರಿಸಿದ್ದು ಅನ್ನುವುದು ಅವಳ ಸಿದ್ಧಾಂತ. ಇಬ್ಬರೂ ದೊಡ್ಡ ರಸ್ತೆಯ ಗಾಜಿನ ಅಂಗಡಿಗೆ ಹೋದೆವು. ಅಲ್ಲಿ ಎಷ್ಟು ಬೆಳಕು ಅಂದರೆ ನನ್ನ ಅಂಗಿಯ ಕಾಲರಿನ ಹಳೆಯ ರಿಪೇರಿ ನನಗೇ ಎದ್ದು ಕಂಡಿತು. ಮಾರುವ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿಸಿದಳು, ಪ್ಲೇಯರ್ ಅಂದಕೂಡಲೇ ಮಾತ್ರ ನಾನು ಎಣ್ಣೆಯ ಲಾಂದ್ರ ಕೇಳಿದ ಹಾಗೆ ನೋಡಿದಳು. "ಫೋನಲ್ಲೇ ಹಾಡು ಬರುತ್ತಲ್ಲ ಅಂಕಲ್" ಅಂದಳು.

ಆಗ ನಾನು ನಿಂತಲ್ಲೇ ಒಂದು ಉಪನ್ಯಾಸ ಕೊಡಬೇಕಾಯಿತು. ನನ್ನ ಹೆಂಡತಿ ಒಂದು ವಿಜ್ಞಾನ ಕೇಂದ್ರದಲ್ಲಿ ಮೂವತ್ತು ಜನಕ್ಕೆ ಅಡುಗೆ ಮಾಡುತ್ತಾಳಮ್ಮ, ಅಲ್ಲಿ ಆನೆಗಾತ್ರದ ತಟ್ಟೆ ಆಂಟೆನಾಗಳು ಆಕಾಶಕ್ಕೆ ಮುಖಮಾಡಿ ಕೂತು ನಕ್ಷತ್ರಗಳ ಪಿಸುಮಾತು ಕೇಳುತ್ತವೆ, ಆಸುಪಾಸಿನಲ್ಲಿ ಒಂದು ಮೊಬೈಲ್ ಕೆಮ್ಮಿದರೂ ಅವಕ್ಕೆ ಕಿವಿ ಗುಂಯ್‌ಗುಡುತ್ತದೆ, ಅದಕ್ಕೇ ಅಲ್ಲಿ ಫೋನಿಲ್ಲ, ವೈಫೈ ಇಲ್ಲ, ತಂತಿಯಿಲ್ಲದೆ ಮಾತಾಡುವ ಯಾವ ಯಂತ್ರಕ್ಕೂ ಪ್ರವೇಶವಿಲ್ಲ ಅಂದೆ. ಅವಳು ಕಣ್ಣರಳಿಸಿ ಕೇಳಿದಳು. ನಿನ್ನ ನಾದಿನಿ ಪಕ್ಕದಲ್ಲಿ ನಿಂತು, ನಕ್ಷತ್ರಗಳ ಮಾತು ಕೇಳಿಸಿಕೊಳ್ಳುವುದಕ್ಕೆ ಜನವಿದ್ದಾರೆ, ಈ ಮನೆಯಲ್ಲಿ ತಂಗಿಯ ಮಾತು ಕೇಳುವವರಿಲ್ಲ ಅಂತ ಟಿಪ್ಪಣಿ ಸೇರಿಸಿದಳು.

ಅಂಗಡಿಯಾಕೆ ಒಳಗೆ ಹುಡುಕಿ ಮೂರು ಪ್ಲೇಯರ್ ತಂದಿಟ್ಟಳು. ಒಂದಕ್ಕೆ ಬಿಸ್ಕತ್ತಿನಷ್ಟು ದೊಡ್ಡ ಪರದೆ, ಸವರಿದರೆ ಮಾತ್ರ ಕೆಲಸ ಮಾಡುತ್ತದೆ. ಸೋಪಿನ ಕೈಯಲ್ಲಿ ನೀನು ಅದನ್ನು ಸವರಿದರೆ ಅದು ನೇರವಾಗಿ ತೊಟ್ಟಿಗೆ ಈಜಲು ಹೋಗುತ್ತದೆ. ಇನ್ನೊಂದು ಇಡಿಯಾಗಿ ಕಿವಿಯೊಳಗೇ ಕೂರುವಂಥದ್ದು, ಆದರೆ ಅದರ ಹೊಟ್ಟೆಯಲ್ಲಿ ಬ್ಲೂಟೂತ್ ಇತ್ತು. ಮೂರನೆಯದು ಕೋಟಿನ ಗುಂಡಿಯಷ್ಟೇ ಇತ್ತು, ನೋಡಿ ನನಗೆ ಬಹಳ ಪ್ರೀತಿ ಹುಟ್ಟಿತು. ಆದರೆ ನೀನು ಹಿಟ್ಟು ನಾದುವವಳು. ಒಂದು ದಿನ ಅದು ಬ್ರೆಡ್ಡಿನೊಳಗೆ ಬೆಂದು, ಯಾರೋ ಹಿರಿಯ ವಿಜ್ಞಾನಿಯ ಹಲ್ಲಿಗೆ ಸಿಕ್ಕಿ, ಆತನ ಬಾಯಿಂದ ಹಾಡು ಬಂದರೆ ಅದನ್ನು ಹೊಸ ಗ್ರಹದ ಸಂಕೇತ ಅಂದುಕೊಳ್ಳುವವರ ಮಧ್ಯೆ ನೀನಿದ್ದೀಯ. ಬೇಡ ಅಂದೆ.

ಇಷ್ಟರಲ್ಲಿ ನಾನು ಚೀಲದಿಂದ ನಿನ್ನ ಏಪ್ರನ್ನಿನ ಜೇಬು ತೆಗೆದು ಮೇಜಿನ ಮೇಲೆ ಹರಡಿದ್ದೆ. ಹೌದು, ಜೇಬು ಮಾತ್ರ. ನೀನು ಹೋಗುವಾಗ ಹೊಲಿದುಕೊಟ್ಟ ಆರು ಏಪ್ರನ್ನಿನ ಕಾಗದದ ಅಳತೆ ನನ್ನ ಬಳಿ ಇತ್ತು, ಅದೇ ಅಳತೆಗೆ, ಅದೇ ಬಟ್ಟೆಯಲ್ಲಿ ಒಂದು ಜೇಬು ಹೊಲಿದು ಒಯ್ದಿದ್ದೆ. ಯಾವ ಪ್ಲೇಯರ್ ಹಾಕಿದರೆ ಜೇಬಿನ ಬಾಯಿ ಎಷ್ಟು ಜೋತುಬೀಳುತ್ತದೆ ಅಂತ ನೋಡಬೇಡವೇ? ಅಂಗಡಿಯಾಕೆಗೆ ಇಂಥ ಗಿರಾಕಿ ಹೊಸಬ. ಧ್ವನಿ ಹೇಗಿದೆ ಅಂತ ಕೇಳದೆ ತೂಕಕ್ಕೆ ಬಟ್ಟೆ ಎಳೆಯುತ್ತದೆಯೇ ಅಂತ ಕೇಳಿದವರು ನೀವೇ ಮೊದಲು ಅಂದಳು. ನಿನ್ನ ನಾದಿನಿ ಆಕಡೆ ತಿರುಗಿ, ನನಗೂ ತನಗೂ ಸಂಬಂಧವೇ ಇಲ್ಲದಂತೆ ಒಂದು ಫ್ಯಾನಿನ ಬೆಲೆ ವಿಚಾರಿಸತೊಡಗಿದಳು.

ಕೊನೆಗೆ ಸಿಕ್ಕಿದ್ದು ಹಿಂದಿನ ಬೀದಿಯ ರೇಡಿಯೋ ರಿಪೇರಿಯವರ ಹತ್ತಿರ. ನೆನಪಿದೆಯಲ್ಲ, ನಮ್ಮ ಹಳೆಯ ರೇಡಿಯೋಗೆ ಎರಡು ಸಲ ಪ್ರಾಣ ಕೊಟ್ಟು ಮೂರನೇ ಸಲ ಕೈಮುಗಿದವರು. ಅವರ ಡ್ರಾಯರಿನಲ್ಲಿ ಒಂದು ಬೂದುಬಣ್ಣದ ಪ್ಲೇಯರ್ ಇತ್ತು, ಬೆಂಕಿಪೊಟ್ಟಣಕ್ಕಿಂತ ತೆಳ್ಳಗೆ, ಪರದೆಯ ಗೊಡವೆ ಇಲ್ಲ, ಹಿಂದೆ ಕ್ಲಿಪ್ಪು, ಮುಂದೆ ಮೂರೇ ಗುಂಡಿ, ಕಿವಿಗೆ ತಂತಿ. ಗಾಳಿಯಲ್ಲಿ ಯಾರೊಂದಿಗೂ ಮಾತಾಡದ ಸಂಕೋಚದ ಪ್ರಾಣಿ. ಜೇಬಿನಲ್ಲಿ ಹಾಕಿದೆ, ಬಟ್ಟೆ ಅಲುಗಲಿಲ್ಲ. ಇದೇ ಅಂದೆ. ಹಾಡು ತುಂಬುವ ಕೆಲಸ ಮಾತ್ರ ರಿಪೇರಿಯವರನ್ನೂ ನನ್ನನ್ನೂ ಅರ್ಧ ದಿನ ಸತಾಯಿಸಿತು. ನಿನಗೆ ಇಷ್ಟವಾದ ಹಾಡುಗಳ ಹೆಸರು ನನಗೆ ಗೊತ್ತಿಲ್ಲ, ಗೊತ್ತಿರುವುದು ನೀನು ಈರುಳ್ಳಿ ಹೆಚ್ಚುವಾಗ ಗುನುಗುವುದು. ಅದನ್ನೇ ಅವರೆದುರು ಹಾಡಿ ತೋರಿಸಿದೆ. ಅವರು ಬಹಳ ಹೊತ್ತು ಕಣ್ಣುಮುಚ್ಚಿ ಕೇಳಿ, ಇವು ಬೇರೆಬೇರೆ ಹಾಡುಗಳೋ ಒಂದೇ ಹಾಡೋ ಅಂತ ವಿಚಾರಿಸಿದರು. ಮೂವತ್ತು ವರ್ಷದಿಂದ ನೀನು ಎಲ್ಲ ಹಾಡನ್ನೂ ಒಂದೇ ಧಾಟಿಯಲ್ಲಿ ಹಾಡುತ್ತಾ ಬಂದಿದ್ದೀಯ ಅನ್ನುವ ಸತ್ಯ ಆ ಬೆಂಚಿನ ಮೇಲೆ ನನಗೆ ಹೊಳೆಯಿತು. ಮಾತುಗಳನ್ನೇ ಹಿಡಿದು ಹುಡುಕಿ ಅರವತ್ತೊಂದು ಹಾಡು ತುಂಬಿದ್ದಾಯಿತು. ನಿಜವಾದ ಧಾಟಿ ಕೇಳಿ ನೀನು ಬೆಚ್ಚಿಬೀಳಬೇಡ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಟ್ರಯಲ್ ನೋಡದೆ ನನ್ನ ಈ ಹೊಲಿಗೆ ಅಂಗಡಿಯಿಂದ ಒಂದು ಲಂಗವೂ ಆಚೆ ಹೋಗಿಲ್ಲ ಅನ್ನುವುದು ನಿನಗೇ ಗೊತ್ತು. ಸೋಮವಾರ ಬೆಳಿಗ್ಗೆ ಪ್ಲೇಯರನ್ನು ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡೆ, ಬಗ್ಗಿದಾಗ ಬೀಳುತ್ತದೆಯೇ, ಕತ್ತರಿ ತಗಲುತ್ತದೆಯೇ, ದಿನವಿಡೀ ಓಡಿದರೆ ಬಿಸಿಯಾಗುತ್ತದೆಯೇ ಅಂತ ನೋಡಲು. ತಂತಿ ಕಿವಿಗೆ ಹಾಕಲಿಲ್ಲ, ಗಿರಾಕಿಗಳ ಅಳತೆ ತಪ್ಪಿಹೋದೀತು. ಮಧ್ಯದ ಗುಂಡಿ ಒತ್ತಿದೆ. ರಿಪೇರಿಯವರು ಹಗುರಾಗಿ ಮುಟ್ಟಿ ಅಂತಲೇ ಹೇಳಿದ್ದರು. ಆದರೆ ನಲವತ್ತು ವರ್ಷ ಬಟ್ಟೆಗೆ ಟಿಚ್ ಬಟನ್ ಕೂರಿಸಿದ ಹೆಬ್ಬೆರಳಿದು, ಒತ್ತಿದರೆ ಟಿಕ್ ಅನ್ನುವ ತನಕ ಬಿಡುವುದಿಲ್ಲ. ಇದು ಟಿಕ್ ಅನ್ನಲೇ ಇಲ್ಲ, ನಾನು ಒತ್ತಿಕೊಂಡೇ ಇದ್ದೆ. ಒಂದು ಕೆಂಪು ಚುಕ್ಕೆ ಹತ್ತಿಕೊಂಡಿತು. ಹಾಡು ಶುರುವಾಯಿತು ಅಂದುಕೊಂಡು ಕೆಲಸಕ್ಕೆ ಕೂತೆ.

ಸಂಜೆ ಚಹಾದ ಹೊತ್ತಿಗೆ ತಂತಿ ಕಿವಿಗೆ ಸಿಕ್ಕಿಸಿಕೊಂಡು ಕೂತರೆ ಹಾಡಿನ ಬದಲು ಹೊಲಿಗೆ ಯಂತ್ರದ ಸದ್ದು. ಒತ್ತಿ ಹಿಡಿದರೆ ಅದು ಹಾಡುವುದಿಲ್ಲ, ಕೇಳಿಸಿಕೊಳ್ಳುತ್ತದಂತೆ. ನನ್ನ ಒಂಬತ್ತು ಗಂಟೆಯ ದಿನವನ್ನು ಪೂರ್ತಿ ಕೇಳಿಸಿಕೊಂಡು ಒಳಗಿಟ್ಟುಕೊಂಡಿತ್ತು. ಅಳಿಸುವುದು ಹೇಗೆ ಅಂತ ಗೊತ್ತಿಲ್ಲದೆ ಕೇಳುತ್ತಾ ಕೂತೆ. ನೀನು ಹೋದಮೇಲೆ ಮನೆ ಎಷ್ಟು ಶಾಂತ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತಿಲ್ಲದೆ ಮುನಿಯ ಹಾಗೆ ಕೆಲಸ ಮಾಡುತ್ತೇನೆ ಅಂತ ನಿನಗೆ ನಾಲ್ಕಾರು ಪತ್ರಗಳಲ್ಲಿ ಬರೆದಿದ್ದೆನಲ್ಲ. ಆ ಮುನಿ ಬಾಯಿ ಮುಚ್ಚಿಯೇ ಇಲ್ಲ ಮಾರಾಯ್ತಿ. "ಇಲ್ಲಿ ಕನ್ನಡಕ ಇಟ್ಟಿದ್ದೆ, ನೋಡಿದೆಯಾ" ಅನ್ನುತ್ತಾನೆ. ಆಮೇಲೆ ಸುಮ್ಮನಿರುತ್ತಾನೆ. ಸ್ವಲ್ಪ ಹೊತ್ತಾದಮೇಲೆ "ಸರಿ ಬಿಡು, ಸಿಕ್ಕಿತು" ಅನ್ನುತ್ತಾನೆ. ನೀಲಿ ದಾರ ಮುಗಿದದ್ದನ್ನು ಹೇಳುತ್ತಾನೆ, ಎದುರುಮನೆಯ ಬೆಕ್ಕು ಮತ್ತೆ ಕಿಟಕಿ ಹತ್ತಿದ್ದನ್ನು ಹೇಳುತ್ತಾನೆ, ಪ್ರತಿ ಮಾತಿನ ಕೊನೆಗೂ ಹೊಲಿಗೆಗೆ ಅಂಚು ಬಿಟ್ಟ ಹಾಗೆ ಒಂದಿಷ್ಟು ಜಾಗ ಬಿಡುತ್ತಾನೆ. ಆ ಜಾಗದಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನಿಲ್ಲ. ಮಧ್ಯಾಹ್ನ ಹೊಸ ಗಿರಾಕಿ ಹೆಂಗಸೊಬ್ಬರು ಬಂದು, ಅಳತೆ ಕೊಡಬೇಕಿತ್ತು, ಒಳಗೆ ಹೆಂಗಸರು ಯಾರಾದರೂ ಇದ್ದಾರಾ ಅಂತ ಕೇಳಿದ್ದು ನನಗೆ ನೆನಪಿತ್ತು. ನಾನು ಹೇಳಿದ ಉತ್ತರ ನೆನಪಿರಲಿಲ್ಲ. "ಇದ್ದಾಳೆ, ಅಡುಗೆಮನೆಯಲ್ಲಿದ್ದಾಳೆ" ಅಂದಿದ್ದೇನೆ. ಲೆಕ್ಕಕ್ಕೆ ಹಿಡಿದರೆ ಸುಳ್ಳೇನಲ್ಲ. ನೀನು ಆ ಹೊತ್ತಿಗೆ ಅಡುಗೆಮನೆಯಲ್ಲೇ ಇದ್ದಿರಬೇಕು, ಅಡುಗೆಮನೆ ಮಾತ್ರ ಎರಡು ದಿನದ ಪ್ರಯಾಣದಷ್ಟು ದೂರ. ಆಕೆ ಸ್ವಲ್ಪ ಹೊತ್ತು ಕಾದರು, ನಾನೂ ಅವರ ಜೊತೆ ಕಾದೆ ಅನ್ನಿಸುತ್ತದೆ. ಆಮೇಲೆ ಅವರು ನಾಳೆ ಬರ್ತೀನಿ ಅಂದು ಹೋದರು.

ಮಂಗಳವಾರ ಅಳಿಸಿಕೊಡಿ ಅಂತ ರಿಪೇರಿಯವರ ಹತ್ತಿರ ಒಯ್ದೆ. ಒಂಬತ್ತು ಗಂಟೆಯ ಹಾಡು ಯಾವುದು ಇದು ಅಂತ ಕೇಳಿದರು. ನಾಟಕದ ಅಭ್ಯಾಸ, ಎರಡನೇ ಪಾತ್ರಧಾರಿ ರಜೆಯಲ್ಲಿದ್ದಾರೆ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ಒಂದು ನಿಮಿಷ ಕೇಳಿ, ತಂತಿ ತೆಗೆದು ಅಳಿಸಿಕೊಟ್ಟರು. ಈಗ ಅದರಲ್ಲಿ ಹಾಡು ಬಿಟ್ಟರೆ ಬೇರೇನಿಲ್ಲ. ಗುಂಡಿಯನ್ನು ನೀನು ಹಗುರಾಗಿ ಮುಟ್ಟು. ಚಾರ್ಜು ಮಾಡುವ ತಂತಿ, ಹೆಚ್ಚುವರಿಯಾಗಿ ಒಂದು ಇಯರ್‌ಫೋನು, ಪ್ಲೇಯರ್ ಒದ್ದೆಯಾಗದಂತೆ ಒಂದು ರೆಕ್ಸಿನ್ ಚೀಲ ಹೊಲಿದು ಜೊತೆಗಿಟ್ಟಿದ್ದೇನೆ.

ಇನ್ನು ಎರಡನೇ ಆಜ್ಞೆ. ನೀನು ಒಂದು ಸಾಲು ಕೇಳಿದ್ದೆ, ಕೊಡುತ್ತೇನೆ. ನಾನಿಲ್ಲಿ ಸುಖವಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಕೈತುಂಬ ಕೆಲಸವಿದೆ, ನೀನು ಧಾರಾಳವಾಗಿ ಸಹಿ ಹಾಕು. ನೀನು ಅಡುಗೆ ಮಾಡುತ್ತಿದ್ದ ಶಾಲೆಯ ಕ್ಯಾಂಟೀನು ಮುಚ್ಚಿದಾಗ ನೀನು ಮೂಲೆ ಹಿಡಿದು ಕೂತಿದ್ದನ್ನು ನೋಡಿದವನು ನಾನು, ಈ ಕೆಲಸದ ಅರ್ಜಿ ತುಂಬಿದವನೂ ನಾನೇ, ಹೋಗು ನಾನಿಲ್ಲಿ ರಾಜನ ಹಾಗಿರುತ್ತೇನೆ ಅಂದವನೂ ನಾನೇ. ಮೂವತ್ತು ಜನ ತಟ್ಟೆ ಖಾಲಿ ಮಾಡಿ ಏಳುತ್ತಾರೆ ಅಂತ ಬರೆಯುವಾಗ ನಿನ್ನ ಅಕ್ಷರ ಸಾಲು ಬಿಟ್ಟು ಮೇಲಕ್ಕೆ ಹೋಗುತ್ತದೆ. ಅದನ್ನು ನೋಡುವುದು ನನಗೆ ಇಷ್ಟ.

ನಿನ್ನ ನಾದಿನಿ ನಮಸ್ಕಾರ ತಿಳಿಸಿದ್ದಾಳೆ, ಕೆಲಸ ಮಾಡುವಾಗ ಹಾಡು ಕೇಳಿದರೆ ಅಡುಗೆ ಸೀಯುತ್ತದೆ ಅನ್ನುವ ಎಚ್ಚರಿಕೆಯನ್ನೂ. ಆರೋಗ್ಯ ನೋಡಿಕೋ. ತಂಪು ಗಾಳಿಗೆ ಮಂಡಿ ಒಡ್ಡಬೇಡ. ನೂರು ಕಾಲ ಚೆನ್ನಾಗಿರು.

ನಿನ್ನ,
ಸೂಜಿದಾರದ ಸರದಾರ

ವಿ.ಸೂ.: ಈ ಪತ್ರ, ಪೊಟ್ಟಣ ಒಯ್ಯುವ ಕೇಂದ್ರದ ಲಾರಿ ಬಂದುಬಿಟ್ಟಿದೆ, ಚಾಲಕರು ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೇಲೆ ಎರಡನೇ ಆಜ್ಞೆಗೆ ಕೊಟ್ಟ ಉತ್ತರ ಸುಳ್ಳು. ಹೊಡೆದುಹಾಕಿ ಹೊಸದಾಗಿ ಬರೆಯಲು ಹೊತ್ತಿಲ್ಲ. ನಾನು ಚೆನ್ನಾಗಿಲ್ಲ. ಕಾಯಿಲೆ ಗೀಯಿಲೆ ಏನೂ ಇಲ್ಲ, ಹೆದರಬೇಡ. ನೀನಿಲ್ಲದೆ ಚೆನ್ನಾಗಿಲ್ಲ, ಅಷ್ಟೇ, ಮೊದಲ ವಾರದಿಂದಲೂ. ಬಾ ಅಂತ ಕರೆಯುತ್ತಿಲ್ಲ, ಅಲ್ಲಿ ನೀನು ಸಂತೋಷವಾಗಿದ್ದೀಯ ಅನ್ನುವುದೂ ನಿಜವೇ. ಸಹಿ ಹಾಕುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಾನು ಚೆನ್ನಾಗಿದ್ದೇನೆ ಅಂತ ನಂಬಿಕೊಂಡು ಮಾತ್ರ ಹಾಕಬೇಡ.